ಚೆಂಡು ಕೈಬಿಟ್ಟ ಕ್ಷಣ

2013ರ ಅಕ್ಟೋಬರ್ 24. ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯ. ನೀವು ಕೂತಿರುವುದು ಮೂರನೇ ಬೇಸ್‌ ಹಿಂದಿನ ಗ್ಯಾಲರಿಯಲ್ಲಿ. ಹಳೆಯ ಮೈದಾನ, ಗೆರೆಗೂ ನಿಮ್ಮ ಕುರ್ಚಿಗೂ ನಡುವೆ ಜಾಗವೇ ಕಡಿಮೆ. ಏಳನೇ ಇನಿಂಗ್ಸ್. ಬಾಸ್ಟನ್ ರೆಡ್ ಸಾಕ್ಸ್ 2-1ರಿಂದ ಮುಂದಿದೆ, ಆದರೆ ಮೂರೂ ಬೇಸ್‌ ಮೇಲೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನವರಿದ್ದಾರೆ.

ಮ್ಯಾಟ್ ಕಾರ್ಪೆಂಟರ್ ಎತ್ತಿ ಹೊಡೆಯುತ್ತಾನೆ. ಜಾನಿ ಗೋಮ್ಸ್ ಎಡಗಡೆ ಕ್ಯಾಚ್ ಹಿಡಿದದ್ದೇ ತಡ, ಮೂರನೇ ಬೇಸ್‌ನಲ್ಲಿದ್ದ ಪೀಟ್ ಕೋಜ್ಮಾ ಹೋಮ್ ಪ್ಲೇಟ್‌ಗೆ ನುಗ್ಗುತ್ತಾನೆ. ಗೋಮ್ಸ್ ಎಸೆದ ಚೆಂಡು ಕ್ಯಾಚರ್ ಸಾಲ್ಟಲಮಾಕಿಯಾನ ಕೈತಪ್ಪುತ್ತದೆ. 2-2. ಹಿಂದೆ ಕಾದಿದ್ದ ಪಿಚರ್ ಕ್ರೇಗ್ ಬ್ರೆಸ್ಲೋ ಚೆಂಡೆತ್ತಿ ತಲೆಯೆತ್ತುತ್ತಾನೆ: ಜಾನ್ ಜೇ ಎರಡನೇ ಬೇಸ್ ಬಿಟ್ಟು ಮೂರನೆಯದಕ್ಕೆ ಓಡುತ್ತಿದ್ದಾನೆ. ಬೀಸಿ ಎಸೆಯುತ್ತಾನೆ. ಚೆಂಡು ಎಲ್ಲರ ತಲೆ ಮೇಲಿಂದ ಹಾರಿ ಗ್ಯಾಲರಿಗೆ ಬೀಳುತ್ತದೆ.

ಅಲ್ಲಿಗೆ ಆಟ ನಿಂತಿತು. ಈಗ ಯಾರ ಕಾಲು ಎಷ್ಟು ಚುರುಕು ಎಂಬುದು ಲೆಕ್ಕಕ್ಕಿಲ್ಲ. ಕ್ರಿಕೆಟ್‌ನಲ್ಲಾದರೆ ಓವರ್‌ಥ್ರೋ ಬೌಂಡರಿ ದಾಟಿದಾಗ ನಾಲ್ಕು ರನ್ ಕೂಡಿಸುತ್ತೇವೆ. ಇಲ್ಲಿ ಪ್ರತಿ ರನ್ನರ್‌ಗೂ ಎರಡು ಬೇಸ್. ಎಲ್ಲಿಂದ ಎಣಿಸಬೇಕು? ಹೊಡೆತ ಬಿದ್ದೊಡನೆ ಇನ್‌ಫೀಲ್ಡರ್ ಮಾಡಿದ ಮೊದಲ ಎಸೆತವೇ ಹೀಗೆ ಹೊರಹೋಗಿದ್ದರೆ, ಸಾಮಾನ್ಯವಾಗಿ ಪಿಚ್ ಮಾಡಿದಾಗ ರನ್ನರ್ ಇದ್ದ ಬೇಸ್‌ನಿಂದ. ಮಿಕ್ಕಂತೆ, ಚೆಂಡು ಎಸೆದವನ ಕೈಬಿಟ್ಟ ಕ್ಷಣದಿಂದ. ಗ್ಯಾಲರಿಗೆ ಬಿದ್ದ ಕ್ಷಣದಿಂದಲ್ಲ. ಬ್ರೆಸ್ಲೋ ಪಿಚರ್ ನಿಜ. ದಿಬ್ಬದ ಪಟ್ಟಿ ಮೆಟ್ಟಿಕೊಂಡು ಎಸೆದಿದ್ದರೆ ಒಂದೇ ಬೇಸ್ ದಂಡ. ಹೋಮ್ ಪ್ಲೇಟ್ ಹಿಂದೆ ನಿಂತವನು ಬರೀ ಫೀಲ್ಡರ್, ಹಾಗಾಗಿ ಎರಡು. ಚೆಂಡು ಕೈಬಿಟ್ಟಾಗ ಜೇ ಇನ್ನೂ ಮೂರನೆಯದನ್ನು ಮುಟ್ಟಿರಲಿಲ್ಲ. ಮೂರನೆಯದು ಒಂದು, ಹೋಮ್ ಎರಡು. 3-2. ಅಂಪೈರ್‌ನ ಕಣ್ಣು ಚೆಂಡಿನ ಹಿಂದೆ ಓಡಿದರೆ ಸಾಲದು, ರನ್ನರ್‌ಗಳ ಕಾಲನ್ನೂ ನೆನಪಿಡಬೇಕು. ಈ ಆಟದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಕೆಲಸ ಅದು. ಕಾರ್ಡಿನಲ್ಸ್ 4-2ರಿಂದ ಗೆಲ್ಲುತ್ತದೆ.

ಎರಡು ದಿನ ಬಿಟ್ಟು ಸೇಂಟ್ ಲೂಯಿಸ್‌ಗೆ ಬನ್ನಿ. ಮೂರನೇ ಪಂದ್ಯ, ಒಂಬತ್ತನೇ ಇನಿಂಗ್ಸ್, 4-4. ಮತ್ತೆ ಜಾನ್ ಜೇ, ಈ ಸಲ ಬ್ಯಾಟ್ ಹಿಡಿದು. ನೆಲಕ್ಕೆ ಹೊಡೆದ ಚೆಂಡನ್ನು ಬಾಸ್ಟನ್‌ನ ಪೆಡ್ರೋಯಾ ಬಿದ್ದು ಹಿಡಿದು ಹೋಮ್‌ಗೆ ಎಸೆಯುತ್ತಾನೆ, ಮೂರನೇ ಬೇಸ್‌ನಿಂದ ಓಡಿಬಂದ ಮೊಲಿನಾ ಔಟ್. ಸಾಲ್ಟಲಮಾಕಿಯಾ ಅಲ್ಲಿಗೇ ಬಿಡದೆ, ಎರಡನೇ ಬೇಸ್‌ನಿಂದ ಓಡುತ್ತಿದ್ದ ಅಲೆನ್ ಕ್ರೇಗ್‌ನನ್ನೂ ಕೆಡವಲು ಮೂರನೇ ಬೇಸ್‌ಗೆ ಎಸೆಯುತ್ತಾನೆ. ಓವರ್‌ಥ್ರೋ! ಆದರೆ ಚೆಂಡು ಮೈದಾನ ಬಿಟ್ಟಿಲ್ಲ, ಎಡಮೂಲೆಗೆ ಉರುಳುತ್ತಿದೆ. ಎರಡು ಬೇಸ್‌ನ ನಿಯಮ ಇಲ್ಲಿ ಬಾಯಿ ಬಿಡುವಂತಿಲ್ಲ, ಓಡಿಯೇ ಗೆಲ್ಲಬೇಕು. ಕ್ರೇಗ್ ಎದ್ದು ಹೊರಟವನು, ನೆಲದಲ್ಲಿ ಬಿದ್ದಿದ್ದ ಬಾಸ್ಟನ್‌ನ ಮೂರನೇ ಬೇಸ್‌ಮನ್ ಮಿಡಲ್‌ಬ್ರೂಕ್ಸ್‌ನನ್ನು ಎಡವಿ ಉರುಳುತ್ತಾನೆ. ಅಂಪೈರ್ ಜಿಮ್ ಜಾಯ್ಸ್‌ ತಕ್ಷಣ ಕೈತೋರಿಸುತ್ತಾನೆ: ಅಡ್ಡಿ. ಬೇಕೆಂದೇ ಮಾಡಿದನೋ ಇಲ್ಲವೋ ಎಂದು ನಿಯಮ ಕೇಳುವುದಿಲ್ಲ.

ಕುಂಟುತ್ತಾ ಓಡಿದ ಕ್ರೇಗ್ ಪ್ಲೇಟ್ ಮುಟ್ಟುವ ಮೊದಲೇ ಎಡಗಡೆಯ ಫೀಲ್ಡರ್ ನಾವಾನ ಎಸೆತ ಬಂದು ಟ್ಯಾಗ್ ಬೀಳುತ್ತದೆ. ಹೋಮ್ ಪ್ಲೇಟ್ ಅಂಪೈರ್ ಡೇನಾ ಡಿಮ್ಯೂತ್ ಮೂರನೇ ಬೇಸ್‌ ಕಡೆ ಬೆರಳು ತೋರಿ, ಕೈಗಳನ್ನು ಅಗಲಿಸುತ್ತಾನೆ: ಸೇಫ್. ಅಡ್ಡಿಯಿಲ್ಲದಿದ್ದರೆ ಅವನು ತಲುಪುತ್ತಿದ್ದ, ಆದ್ದರಿಂದ ತಲುಪಿದ್ದಾನೆ. 5-4. ಬಾಸ್ಟನ್ ಆಟಗಾರರು ಅಂಪೈರ್‌ಗಳನ್ನು ಮುತ್ತುತ್ತಾರೆ, ತೀರ್ಪು ಅಲುಗಾಡುವುದಿಲ್ಲ. ವರ್ಲ್ಡ್ ಸೀರೀಸ್‌ನ ಪಂದ್ಯವೊಂದು ಹೀಗೆ ಅಡ್ಡಿಯ ತೀರ್ಪಿನಿಂದ ಮುಗಿದದ್ದು ಅದೇ ಮೊದಲು.