ಮೂರನೆಯ ಹೆಜ್ಜೆ

ವಾಮನನು ಬಲಿಚಕ್ರವರ್ತಿಯಲ್ಲಿ ಬೇಡಿದ್ದು ಮೂರೇ ಹೆಜ್ಜೆ ನೆಲ. ಎರಡು ಹೆಜ್ಜೆಗಳಿಗೆ ಭೂಮ್ಯಾಕಾಶಗಳು ಮುಗಿದುಹೋದುವು; ಮೂರನೆಯದಕ್ಕೆ ಬಲಿಯು ತನ್ನ ತಲೆಯನ್ನೇ ಒಡ್ಡಬೇಕಾಯಿತು. ಪುರಾಣದ ಈ ಲೆಕ್ಕ ಇಂದಿಗೂ ಹಳತಾಗಿಲ್ಲವೆಂಬುದನ್ನು ಅರಿಯಬೇಕಾದವರು ಟ್ರಯಥ್ಲಾನ್ ಎಂಬ ಪಂದ್ಯವನ್ನು ಒಮ್ಮೆ ನೋಡಬೇಕು. ಮೊದಲು ಈಜು, ಅದರ ಬೆನ್ನಿಗೆ ಸೈಕಲ್ ಸವಾರಿ, ಅದರ ಬೆನ್ನಿಗೆ ಓಟ. ನಡುವೆ ವಿಶ್ರಾಂತಿಯೆಂಬುದಿಲ್ಲ. ಉಡುಪು ಬದಲಿಸುವ ಹೊತ್ತೂ ಗಡಿಯಾರದ ಲೆಕ್ಕಕ್ಕೆ ಸೇರಿದ್ದು. ಬಯಲಾಟದವರು ಚೌಕಿಯಲ್ಲಿ ವೇಷ ಕಟ್ಟುವ ಹೊತ್ತನ್ನೂ ಆಟದೊಳಗೇ ಎಣಿಸಿದಂತೆ!

1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಈ ಹೆಸರಿನ ಪಂದ್ಯ ಹುಟ್ಟಿತು. 1978ರಲ್ಲಿ ಹವಾಯಿ ದ್ವೀಪದಲ್ಲಿ ಅದು 226 ಕಿಲೋಮೀಟರುಗಳ ಘೋರ ರೂಪವನ್ನು ತಾಳಿತು. ಹೊರಟವರು ಹದಿನೈದು ಮಂದಿ, ಮುಟ್ಟಿದವರು ಹನ್ನೆರಡು ಮಂದಿ. ಅದರ ಸರಿಯಾದ ಅರ್ಧವೇ ಮಧ್ಯಮ ದೂರದ ಪಂದ್ಯ: 1.9 ಕಿಲೋಮೀಟರು ಈಜು, 90 ಕಿಲೋಮೀಟರು ಸೈಕಲ್, 21.1 ಕಿಲೋಮೀಟರು ಓಟ. ಸಾಮಾನ್ಯವಾಗಿ ಎಂಟೂವರೆ ಗಂಟೆಗಳೊಳಗೆ ಇಷ್ಟನ್ನೂ ಮುಗಿಸಬೇಕು. ವೀರರಿಗೆ ಇದು ಅರ್ಧವಿರಬಹುದು; ಸಂಸಾರಿಗಳಿಗೆ ಒಂದೂವರೆ.

ಅಂಥ ಸಂಸಾರಿಗಳಲ್ಲಿ ಒಬ್ಬನು ಚಿತ್ರದುರ್ಗದ ಕಡೆಯ ಬಯಲುನಾಡಿನಲ್ಲಿ ಹುಟ್ಟಿ ಮ್ಯೂನಿಕ್ ನಗರದಲ್ಲಿ ನೆಲಸಿದ ಎಂಜಿನಿಯರು. ವಯಸ್ಸು ನಲವತ್ತೊಂದು. ಹುದ್ದೆ ಮಧ್ಯಮ, ಮೈಕಟ್ಟು ಮಧ್ಯಮ; ಆರಿಸಿಕೊಂಡ ದೂರವೂ ಮಧ್ಯಮವೇ. ಅವನ ಊರಿನಲ್ಲಿ ನೀರೆಂದರೆ ಕೊಡದಲ್ಲಿ ಹೊತ್ತು ತರುವ ಪದಾರ್ಥವೇ ಹೊರತು ಮೈಚಾಚಿ ಮಲಗುವ ಹಾಸಿಗೆಯಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ, ಪುಟ್ಟ ಮಕ್ಕಳ ಸಾಲಿನಲ್ಲಿ ನಿಂತು, ಅವರ ನಗೆಯನ್ನು ಸಹಿಸಿ ಆತ ಈಜು ಕಲಿತನು. ಹಿಂದಿನ ವರ್ಷ ಬೇರೊಂದು ಸರೋವರದಲ್ಲಿ ಇಂಥದೇ ಪಂದ್ಯಕ್ಕಿಳಿದು, ನಡುನೀರಿನಲ್ಲಿ ಉಸಿರುಕಟ್ಟಿ, ರಕ್ಷಣೆಯ ದೋಣಿಯ ಅಂಚನ್ನು ಹಿಡಿದುಕೊಂಡು ದಡ ಸೇರಿದ್ದನು. ಆ ಸಂಗತಿಯನ್ನು ಮನೆಯಲ್ಲಿ ಹೇಳಿರಲಿಲ್ಲ. ‘ಹೊಟ್ಟೆ ಕೆಟ್ಟಿತ್ತು’ ಎಂದು ತೇಲಿಸಿಬಿಟ್ಟಿದ್ದನು.

ಊರಿನಲ್ಲಿದ್ದ ತಂದೆಗೆ ಈ ಹುಚ್ಚು ಅರ್ಥವಾಗುತ್ತಿರಲಿಲ್ಲ. ಆತನು ಶೇಂಗಾದ ಮೂಟೆಗಳನ್ನು ಸೈಕಲ್ಲಿಗೆ ಹೇರಿ ಸಂತೆಗೆ ತುಳಿದವನು.

“ಅಲ್ಲಪ್ಪಾ, ಎಮ್ಮೆ ಮೈತೊಳೆಯೋನು ನೀರಿಗಿಳೀತಾನೆ, ಹಾಲಿನವನು ಸೈಕಲ್ ತುಳೀತಾನೆ, ಬಸ್ಸು ತಪ್ಪಿದವನು ಓಡ್ತಾನೆ. ಮೂರನ್ನೂ ಒಂದೇ ದಿನ, ಅದೂ ಕೈಯಿಂದ ದುಡ್ಡು ಕೊಟ್ಟು ಮಾಡೋದು ಯಾವ ಬುದ್ಧಿವಂತಿಕೆ?” ಎಂದು ಆತ ಫೋನಿನಲ್ಲಿ ಕೇಳಿದನು.

ಮಗನಲ್ಲಿ ಉತ್ತರವಿರಲಿಲ್ಲ. ಆದರೆ ಉತ್ತರವಿಲ್ಲವೆಂಬ ಕಾರಣಕ್ಕೆ ಮನುಷ್ಯನು ಏನನ್ನಾದರೂ ಬಿಟ್ಟದ್ದುಂಟೆ?

ಆಗಸ್ಟ್ ತಿಂಗಳ ಕೊನೆಯಲ್ಲಿ ಆತ ಆಸ್ಟ್ರಿಯಾ ದೇಶದ ತ್ಸೆಲ್ ಆಮ್ ಸೇ ಎಂಬ ಊರನ್ನು ತಲುಪಿದನು. ಸಾಲ್ಸ್‌ಬರ್ಗ್ ಪ್ರಾಂತ್ಯದ ಈ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಒಂದು ತಿಳಿನೀರಿನ ಸರೋವರದ ದಡದಲ್ಲಿದೆ. ದಕ್ಷಿಣಕ್ಕೆ 3203 ಮೀಟರ್ ಎತ್ತರದ ಕಿಟ್ಸ್‌ಸ್ಟೈನ್‌ಹಾರ್ನ್ ಶಿಖರ ಬೇಸಗೆಯಲ್ಲಿಯೂ ಹಿಮವನ್ನು ಹೊದ್ದು ನಿಂತಿರುತ್ತದೆ. 2015ರಲ್ಲಿ ಈ ದೂರದ ವಿಶ್ವ ಚಾಂಪಿಯನ್‌ಷಿಪ್ ಇಲ್ಲಿಯೇ ನಡೆದು, ಪುರುಷರಲ್ಲಿ ಜರ್ಮನಿಯ ಯಾನ್ ಫ್ರೊಡೆನೊ, ಮಹಿಳೆಯರಲ್ಲಿ ಸ್ವಿಟ್ಸರ್ಲೆಂಡಿನ ಡ್ಯಾನಿಯೆಲಾ ರೀಫ್ ಗೆದ್ದಿದ್ದರು. ಆ ವೀರರು ಇಳಿದ ನೀರಿಗೇ ತಾನೂ ಇಳಿಯುವೆನೆಂಬ ಹೆಮ್ಮೆಗಿಂತ, ಆ ನೀರಿನ ಆಳ ಅರುವತ್ತು ಮೀಟರಿಗೂ ಹೆಚ್ಚೆಂಬ ಅರಿವೇ ನಮ್ಮ ಎಂಜಿನಿಯರನ ಎದೆಯಲ್ಲಿ ಬಲವಾಗಿದ್ದಿತು.

ರಬ್ಬರಿನ ಈಜುಡುಗೆ ತೊಟ್ಟು, ಕಣಕಾಲಿಗೆ ಕಾಲ ಅಳೆಯುವ ಪಟ್ಟಿ ಕಟ್ಟಿಕೊಂಡು ಆತ ಇಳಿದನು. ಮೊದಲ ಇನ್ನೂರು ಮೀಟರಿನಲ್ಲಿಯೇ ಹಳೆಯ ಭಯ ಬಂದು ಗಂಟಲನ್ನು ಹಿಡಿಯಿತು. ಆದರೆ ಈ ಸಲ ಆತ ಹೋರಾಡಲಿಲ್ಲ. ಅಂಗಾತ ತಿರುಗಿ ಆಕಾಶವನ್ನು ನೋಡುತ್ತ ಇಪ್ಪತ್ತು ಉಸಿರುಗಳನ್ನು ಎಣಿಸಿದನು. ಇಪ್ಪತ್ತೊಂದನೆಯ ಉಸಿರಿಗೆ ನೀರು ನೀರಾಗಿಯೇ ಉಳಿದಿತ್ತು, ಮೃತ್ಯುವಾಗಿರಲಿಲ್ಲ. ಐವತ್ತೆಂಟು ನಿಮಿಷಗಳಲ್ಲಿ ಮೊದಲನೆಯ ಹೆಜ್ಜೆ ಮುಗಿಯಿತು.

ಭಯವನ್ನು ಗೆದ್ದವನ ಬೆನ್ನಿಗೇ ಅಹಂಕಾರ ಬರುತ್ತದೆ. ಸೈಕಲ್ ಹತ್ತಿದ ಮೇಲೆ ಆತ ಒಬ್ಬೊಬ್ಬರನ್ನಾಗಿ ಹಿಂದೆ ಹಾಕತೊಡಗಿದನು. ಡೀಂಟೆನ್ ಗ್ರಾಮದಿಂದ ಸುಮಾರು 1290 ಮೀಟರ್ ಎತ್ತರದ ಫಿಲ್ಟ್ಸೆನ್‌ಸಾಟೆಲ್ ಎಂಬ ಘಟ್ಟದ ನೆತ್ತಿಗೆ ಏರುವ ರಸ್ತೆ ಎದೆಗೆ ಒದೆಯುವಷ್ಟು ಕಡಿದಾದುದು. ಅಲ್ಲಿ ಅರುವತ್ತು ದಾಟಿದ ಮಹಿಳೆಯೊಬ್ಬರು ನಿಧಾನವಾಗಿ, ಒಂದೇ ಲಯದಲ್ಲಿ ತುಳಿಯುತ್ತಿದ್ದರು. ‘ಪಾಪ, ಈ ವಯಸ್ಸಿಗೆ ಇದೇಕೆ?’ ಎಂದುಕೊಂಡು ಆತ ಅವರನ್ನು ದಾಟಿದನು. ತನ್ನ ತಂದೆಯ ಪ್ರಶ್ನೆಯನ್ನೇ ತಾನೂ ಕೇಳುತ್ತಿರುವೆನೆಂಬುದು ಅವನಿಗೆ ಹೊಳೆಯಲಿಲ್ಲ.

ಇಳಿಜಾರಿನಲ್ಲಿ ಹಿಂಗಾಲಿ ಉಸಿರು ಬಿಟ್ಟಿತು. ಪಂಕ್ಚರ್! ಅವಸರದಿಂದ ಟೈರು ಬಿಚ್ಚಿ, ಇದ್ದ ಒಂದೇ ಹೊಸ ಟ್ಯೂಬನ್ನು ಹಾಕಿದನು. ಅದೇ ಅವಸರದಲ್ಲಿ ಅದನ್ನು ಟೈರಿನ ಅಂಚಿಗೆ ಸಿಕ್ಕಿಸಿ ಸಿಡಿಸಿಕೊಂಡನು. ಇನ್ನೇನು ಮಾಡುವುದು? ದಾರಿಯ ಬದಿಯ ಹುಲ್ಲಿನ ಮೇಲೆ ಕುಳಿತನು. ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಸಾಲವಸೂಲಿಗೆ ಬಂದವರಂತೆ ಬಂದು ಮುಂದೆ ಹೋದರು.

ಕೊನೆಗೆ ಆ ಮಹಿಳೆಯೂ ಬಂದರು. ಬಂದು ನಿಂತರು. ಸೀಟಿನ ಕೆಳಗಿನ ಚೀಲದಿಂದ ಒಂದು ಟ್ಯೂಬನ್ನು ತೆಗೆದು ಚಾಚಿದರು.

“ನಿಮಗೆ ಮತ್ತೊಂದು ಇದೆಯೆ?” ಎಂದು ಆತ ಕೇಳಿದನು.

“ಇಲ್ಲ. ನನ್ನ ಗಾಲಿ ಸರಿಯಾಗಿಯೇ ಇದೆಯಲ್ಲ. ನಿಧಾನವಾಗಿ ಹಾಕು” ಎಂದು ಹೇಳಿ ಅವರು ಹೊರಟೇಹೋದರು.

ಈ ಪಂದ್ಯದ ನಿಯಮಾವಳಿ ಬಹು ಕಠಿಣವಾದುದು. ಮುಂದಿನವನ ಬೆನ್ನ ಹಿಂದೆ, ಗಾಳಿಯ ಮರೆಯಲ್ಲಿ ಸೈಕಲ್ ತುಳಿಯುವುದೂ ಇಂಥ ಪಂದ್ಯಗಳಲ್ಲಿ ಅಪರಾಧ. ಹೊರಗಿನವರ ನೆರವು ನಿಷಿದ್ಧ. ಹೆಂಡತಿಯೇ ದಾರಿಯಲ್ಲಿ ನಿಂತು ಟ್ಯೂಬು ಕೊಟ್ಟರೂ ತಪ್ಪು. ಆದರೆ ಸಹಸ್ಪರ್ಧಿಯು ಟ್ಯೂಬನ್ನೋ ಪಂಪನ್ನೋ ಗುಟುಕು ನೀರನ್ನೋ ಕೊಡಬಹುದು. 2016ರಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಇಂಗ್ಲೆಂಡಿನ ಅಲಿಸ್ಟರ್ ಬ್ರೌನ್ಲಿಯು ಬಿಸಿಲಿಗೆ ತತ್ತರಿಸಿದ ತಮ್ಮ ಜಾನಿಯ ತೋಳು ಹಿಡಿದು ನಡೆಸಿಕೊಂಡು ಬಂದು, ತನಗಿಂತ ಮೊದಲು ಅವನನ್ನೇ ಗೆರೆಯಾಚೆ ನೂಕಿದ್ದನ್ನು ಜಗತ್ತೇ ನೋಡಿತು. ಆ ಬಳಿಕ ಹಾಗೆ ಹಿಡಿದು ನಡೆಸುವುದನ್ನು ನಿಯಮವೇ ತಡೆಯಿತು. ಹೊತ್ತು ನಡೆಯುವಂತಿಲ್ಲ, ಕೊಟ್ಟು ನಡೆಯಬಹುದು. ಜೊತೆಯಲ್ಲಿ ದಣಿಯುತ್ತಿರುವವರಿಗೆ ಮಾತ್ರ ಕೊಡುವ ಹಕ್ಕುಂಟೆಂದು ನಿಯಮ ಬರೆದವರು ಬಲ್ಲವರೇ ಇರಬೇಕು.

ಈ ಸಲ ಆತ ನಿಧಾನವಾಗಿಯೇ ಟ್ಯೂಬು ಹಾಕಿದನು. ಸೈಕಲ್ಲಿನ ಗಡುವಿಗೆ ಆರೇ ನಿಮಿಷಗಳಿದ್ದಾಗ ಅಂಗಳ ಸೇರಿದನು. ದಾರಿಯುದ್ದಕ್ಕೂ ಅವನ ಕಣ್ಣು ರಸ್ತೆಯ ಬದಿಗಳನ್ನೇ ಹುಡುಕುತ್ತಿದ್ದಿತು: ಎಲ್ಲಿಯಾದರೂ ಅವರು ಗಾಲಿ ಬಿಚ್ಚಿಕೊಂಡು ಕುಳಿತಿರುವರೋ ಎಂದು. ಅವರು ಕಾಣಲಿಲ್ಲ. ಆದರೂ ಎದೆ ಹಗುರವಾಗಲಿಲ್ಲ.

ಇನ್ನು ಮೂರನೆಯ ಹೆಜ್ಜೆ. ಕಾಲುಗಳು ಕಂಬಗಳಾಗಿದ್ದುವು. ಹದಿನೈದನೆಯ ಕಿಲೋಮೀಟರಿನ ಬಳಿ ಸರೋವರದ ದಡದಲ್ಲಿ ಅವರು ಕಂಡರು. ಅದೇ ನಿಧಾನ, ಅದೇ ಲಯ. ದಾಟಿಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಹೆಜ್ಜೆ ಹಾಕತೊಡಗಿದನು. ಸ್ವಲ್ಪ ದೂರ ನಡೆದ ಮೇಲೆ ಅವರು ಗದರಿದರು:

“ನಾನು ಟ್ಯೂಬು ಕೊಟ್ಟದ್ದು ನೀನು ನಡೆಯಲೆಂದಲ್ಲ. ನಿನ್ನ ಓಟ ನೀನು ಓಡು!”

ತಲೆಬಾಗಿ ಆತ ಓಡಿದನು. ಎಂಟು ಗಂಟೆ ಹದಿನೈದು ನಿಮಿಷಕ್ಕೆ ಗೆರೆ ಮುಟ್ಟಿದನು. ಕೊರಳಿಗೆ ಪದಕ ಬಿದ್ದಿತು. ಊಟದ ಡೇರೆಯಿಂದ ಬಿಸಿ ಸೂಪಿನ ವಾಸನೆ ಬರುತ್ತಿದ್ದಿತು. ಆತ ಅತ್ತ ಹೋಗಲಿಲ್ಲ. ಕಟಕಟೆಯನ್ನು ಹಿಡಿದು ದಾರಿಯನ್ನೇ ನೋಡುತ್ತ ನಿಂತನು. ಹತ್ತು ನಿಮಿಷ ಉಳಿಯಿತು. ಏಳು ಉಳಿಯಿತು. ಇಡೀ ದಿನ ತನ್ನ ಗಡಿಯಾರವನ್ನು ಇಷ್ಟು ಭಯದಿಂದ ಆತ ನೋಡಿರಲಿಲ್ಲ. ಇನ್ನೂ ನಾಲ್ಕು ನಿಮಿಷಗಳಿರುವಾಗ ತಿರುವಿನಲ್ಲಿ ಆ ಲಯ ಕಾಣಿಸಿತು.

ಅಂದು ರಾತ್ರಿ ಆತ ಊರಿಗೆ ಫೋನು ಮಾಡಿದನು. ಎಲ್ಲವನ್ನೂ ಹೇಳಿದನು, ಹಿಂದಿನ ವರ್ಷದ ದೋಣಿಯ ಸಂಗತಿಯನ್ನು ಕೂಡ. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಎಷ್ಟನೆಯವನಾಗಿ ಬಂದೆ ಎಂದು ಕೇಳಲಿಲ್ಲ; ದುಡ್ಡಿನ ಮಾತನ್ನೂ ಎತ್ತಲಿಲ್ಲ.

“ಆಯಮ್ಮ ಮುಟ್ಟಿದಳೇನೋ?” ಎಂದನು.

“ಮುಟ್ಟಿದರಪ್ಪಾ.”

“ಹಂಗಾದ್ರೆ ಸರಿ ಬಿಡು. ಉಂಡು ಮಲಗು.”