ನಡುವಣ ಹಸುರು

ಉದ್ಯಾನವೆಂದೊಡನೆ ಬೆಂಗಳೂರಿಗರ ಮನಸ್ಸು ಲಾಲ್‌ಬಾಗಿಗೆ ಓಡುವುದು ಸಹಜ. ವೈಟ್‌ಫೀಲ್ಡ್ ಎಂದರಾದರೋ ಗಾಜಿನ ಸೌಧಗಳೂ ಮುಗಿಯದ ವಾಹನಸಾಲೂ ಕಣ್ಣೆದುರು ನಿಲ್ಲುತ್ತವೆ. ಆ ಗದ್ದಲದ ಒಡಲಲ್ಲಿಯೇ ಕೈವಾರದಿಂದ ಬರೆದಂತಹ ದುಂಡನೆಯ ಬೀದಿಯೊಂದು ಇದೆಯೆಂದರೆ ನಂಬುವವರು ಕಡಮೆ. ಅದರ ಹೆಸರು ಇನ್ನರ್ ಸರ್ಕಲ್.

1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಬಿಳಿಯರ ಪಂಕ್ತಿಯಲ್ಲಿಯೂ ಕರಿಯರ ಪಂಕ್ತಿಯಲ್ಲಿಯೂ ಎಲೆ ಸಿಕ್ಕದ ಜನ ಅವರು. ನೌಕರಿಗಾಗಿ ಕೈಚಾಚದೆ ಸ್ವಂತ ನೆಲದಲ್ಲಿ ಬೇರೂರಲೆಂಬುದು ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಹಂಬಲ. ಊರಿಗೆ ಅವರ ಹೆಸರೇ ನಿಂತಿತು.

ಮನೆಗಳನ್ನು ಸಾಲಾಗಿ ಕಟ್ಟಲಿಲ್ಲ. ನಡುವೆ ಹಸುರು ಬಯಲನ್ನು ಬಿಟ್ಟು ಸುತ್ತಲೂ ಕೂರಿಸಿದರು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿಯೂ 1715ರಲ್ಲಿ ಅರಸನೊಬ್ಬ ಹೀಗೆಯೇ ವೃತ್ತವೆಳೆಸಿದ್ದ. ಅಲ್ಲಿ ಅರಮನೆಯ ಗೋಪುರದಿಂದ 32 ಹಾದಿಗಳು ಸೂರ್ಯಕಿರಣಗಳಂತೆ ಹೊರಡುತ್ತವೆ. ಬರೋಕ್ ಯುಗದ ಉದ್ಯಾನಗಳ ಠೀವಿಯೇ ಅದು: ಎಲ್ಲಿ ನಿಂತರೂ ದೃಷ್ಟಿ ದೊರೆಯ ಬಾಗಿಲನ್ನೇ ಮುಟ್ಟಬೇಕು. ವೈಟ್‌ಫೀಲ್ಡಿನ ನಡುವೆ ದೊರೆಯಿಲ್ಲ, ಹುಲ್ಲಿದೆ. ಒಬ್ಬರ ಜಗುಲಿಯಿಂದ ನೋಡಿದರೆ ಬಯಲಿನಾಚೆ ಇನ್ನೊಬ್ಬರ ಜಗುಲಿ. ದೂರದ ಸೊಬಗಿಗಿಂತ ನೆರೆಹೊರೆಯ ಈ ಸೊಬಗೇ ಮಿಗಿಲೆನ್ನಬೇಕು.

ಇಲ್ಲಿನ ವೇವರ್ಲಿ ಇನ್ನಿಗೆ ತರುಣ ಚರ್ಚಿಲ್ ಬಂದುಹೋಗುತ್ತಿದ್ದನೆಂಬ ಕಥೆ ಪ್ರಸಿದ್ಧ. ಯಜಮಾನನ ಮಗಳೇ ಕಾರಣವೆಂದೂ ಸೇರಿಸುತ್ತಾರೆ. ಇಂತಹ ಕಥೆಗೆ ಸಾಕ್ಷಿ ಕೇಳುವುದು ರಸಭಂಗ.

ಸ್ವಾತಂತ್ರ್ಯಾನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳೆಷ್ಟೋ ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟುಹೋದವು. ಬೇರೂರಬೇಕೆಂದು ಬಂದವರ ಮಕ್ಕಳು ಬೇರು ಕಿತ್ತುಕೊಂಡರು. 1990ರ ದಶಕದಲ್ಲಿ ತಂತ್ರಜ್ಞಾನದ ಉದ್ಯಮ ಬಂದಿತು. ನೆಲಕ್ಕೆ ಚದರಡಿಯ ಬೆಲೆ ಬಂದಿತು. ಹೆಂಚಿನ ಬಂಗಲೆಗಳಲ್ಲಿ ಎಷ್ಟೋ ಉರುಳಿದವು. ಕೆಲವು ಇನ್ನೂ ಮರಗಳ ಮರೆಯಲ್ಲಿ ಉಳಿದಿವೆ. 1886ರ ಮೆಮೋರಿಯಲ್ ಚರ್ಚೂ ಇದೆ. 2023ರಲ್ಲಿ ಮೆಟ್ರೊ ರೈಲು ಇತ್ತ ಬಂದಮೇಲೆ ಅವಸರ ಇನ್ನಷ್ಟು ಹೆಚ್ಚಿದೆ.

ಸಂಜೆ ಕಚೇರಿ ಬಿಟ್ಟ ತರುಣನೊಬ್ಬ ಹತ್ತಿರದ ದಾರಿಯೆಂದೆಣಿಸಿ ಈ ಬೀದಿಗೆ ಕಾಲಿಡುತ್ತಾನೆ. ನೇರ ನಡೆದಂತೆಯೇ ಅವನಿಗೆ ಭಾಸ. ಬಿರಬಿರನೆ ನಡೆದು ಹೊರಟಲ್ಲಿಗೇ ಬಂದು ನಿಂತು, ಕೈಗಡಿಯಾರ ನೋಡಿಕೊಂಡು, ಎದುರಿನ ಬಯಲನ್ನು ಮೊದಲ ಸಲ ಕಣ್ಣೆತ್ತಿ ನೋಡುತ್ತಾನೆ.