ದಾಯವೂ ದಯೆಯೂ

ಹಿರಿಯರು ಇರುತ್ತಿರುವಾಗಲೇ ಕಿರಿಯರು ತೀರಿಕೊಳ್ಳುವುದು ಗೃಹಸ್ಥರಿಗೆ ಒದಗುವ ದುಃಖಗಳಲ್ಲೆಲ್ಲ ದಾರುಣವಾದುದು. ಆ ದುಃಖದ ಬೆನ್ನಿಗೇ ಬರುವ ಮತ್ತೊಂದು ಸಂಕಟವನ್ನು ಕುರಿತು ವಾಚಕರಲ್ಲಿ ಎರಡು ಮಾತು ಬಿನ್ನವಿಸುತ್ತೇನೆ. ತಂದೆಗಿಂತ ಮೊದಲು ಮಗನು ಸತ್ತರೆ ಅವನ ಪಾಲೂ ಅವನೊಡನೆ ಸತ್ತಿತೆಂದು ತಿಳಿಯುವವರು ಓದಿದ ಮನೆತನಗಳಲ್ಲಿಯೂ ಉಂಟು.

ನಮ್ಮ ನೆರೆಯ ವೃದ್ಧರೊಬ್ಬರು ಮರಣಶಾಸನವನ್ನು ಬರೆಯದೆ ಕಾಲವಾದರು. ಅವರ ಸ್ವಯಾರ್ಜಿತವಾದ 9 ಎಕರೆ ಜಮೀನಿತ್ತು. ಪತ್ನಿಯು ಮೊದಲೇ ಗತಿಸಿದ್ದರು. ಉಳಿದವರು ಹಿರಿಯ ಮಗ, ಒಬ್ಬ ಮಗಳು, ಮತ್ತು ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದ ಕಿರಿಯ ಮಗನ ಹೆಂಡತಿ, ಅವಳ ಒಂದು ಗಂಡು, ಒಂದು ಹೆಣ್ಣು. ಹಿರಿಯವನು, “ತಮ್ಮನೇ ಇಲ್ಲದ ಮೇಲೆ ಅವನ ಪಾಲೆಲ್ಲಿಯದು?” ಎಂದನು. ಆ ಸಾಧ್ವಿಯು, “ಭಾವನವರೇ, ಮಕ್ಕಳ ಅನ್ನಕ್ಕಾಗುವಷ್ಟನ್ನು ದಯೆಮಾಡಿ ಕೊಡಿ” ಎಂದು ಬೇಡಿದಳು. ಬಂಧುಗಳೊಬ್ಬರು ಐವರಿಗೂ ಸಮನಾಗಿ ಹಂಚಿರೆಂದರು. ಶಾಸ್ತ್ರವೇನೆಂದು ನನ್ನನ್ನು ಕೇಳಿದರು.

ಮೂರು ಮಾತುಗಳೂ ಸರಿಯಲ್ಲವೆಂದೆನು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ದಾಯವೆಂಬುದರ ಲಕ್ಷಣವನ್ನು ಹೇಳಿದ್ದಾನೆ: ಒಡೆಯನೊಡನಿರುವ ಸಂಬಂಧಮಾತ್ರದಿಂದ ಮತ್ತೊಬ್ಬರದಾಗುವ ಧನವೇ ದಾಯ. ಬೇರೆ ಬೇರೆ ತಂದೆಯರ ಮಕ್ಕಳು ತಾತನ ಸೊತ್ತನ್ನು ಹಂಚಿಕೊಳ್ಳುವಾಗ ತಲೆಯೆಣಿಕೆಯಿಲ್ಲ. ತಮ್ಮ ತಮ್ಮ ತಂದೆಯ ಪಾಲನ್ನೇ ಪಡೆಯುವರು. ಆ ಹಳೆಯ ಕಟ್ಟಳೆಯಲ್ಲಿ ಹೆಣ್ಣುಮಕ್ಕಳಿಗೆ ಸಮಾನವಾದ ಹಕ್ಕಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಸ್ವಯಾರ್ಜಿತದಲ್ಲಿ ಆ ಕೊರತೆಯನ್ನು ನೀಗಿತು. ಅದರಂತೆ ಮೃತಪುತ್ರನ ಶಾಖೆಗೆ ಒಂದು ಪಾಲು. ಅದರಲ್ಲಿ ಅವನ ವಿಧವೆಯೂ ಮಗನೂ ಮಗಳೂ ಸಮಭಾಗಿಗಳು. ಮೊದಲೇ ತೀರಿಕೊಂಡ ಮಗಳ ಮಕ್ಕಳಿಗೂ ಇದೇ ನ್ಯಾಯ. ಅಳಿಯನು ಮಾತ್ರ ಎಣಿಕೆಗೆ ಸೇರನು.

ಆದುದರಿಂದ 9 ಎಕರೆ ಮೂರು ಪಾಲಾಯಿತು. ಅಣ್ಣನಿಗೆ 3, ಸೋದರಿಗೆ 3, ಇಲ್ಲದವನ ಶಾಖೆಗೆ 3. ಆ ಮೂವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಕರೆ. ತಲೆಯೆಣಿಸಿದ್ದರೆ ಆ ಶಾಖೆಗೆ 5 ಎಕರೆಗೂ ಮಿಕ್ಕು ಹೋಗಿ, ಉಳಿದಿಬ್ಬರಿಗೆ ಅನ್ಯಾಯವಾಗುತ್ತಿತ್ತು. ಹಿರಿಯವನು ಬಹಳ ಹೊತ್ತು ಸುಮ್ಮನಿದ್ದನು. ಆಗ ಸೋದರಿಯು, “ತಮ್ಮನಿದ್ದಿದ್ದರೆ ಕೊಡುತ್ತಿದ್ದೆಯಲ್ಲವೇ ಅಣ್ಣಾ?” ಎಂದಳು. ಅವನು ತಲೆದೂಗಿದನು.

ಮರಣಶಾಸನವಿದ್ದಲ್ಲಿ ಮಾತು ಬೇರೆ. ಅದಿಲ್ಲದ ಮನೆಯಲ್ಲಿ ಮೃತನಿಗೂ ಒಂದು ಮಣೆ ಹಾಕಿದೆಯೆಂದೇ ಭಾವಿಸಬೇಕು. ಅದರ ಮೇಲೆ ಕೂರುವವರು ಅವನ ಹೆಂಡತಿ ಮಕ್ಕಳು. ದಯೆಯು ಕೊಡುವವನ ಇಚ್ಛೆಗೆ ಸೇರಿದ್ದು; ದಾಯವು ಹಾಗಲ್ಲ. ತಂದೆಯ ಪಾಲನ್ನು ಭಿಕ್ಷೆಯೆಂದು ತಿಳಿದು ಬೆಳೆಯುವ ಮಗುವು ದೊಡ್ಡಪ್ಪನ ಮುಂದೆ ಎಂದೂ ತಲೆಯೆತ್ತಲಾರದು. ತಾಯಿಯು ಬೇಡುವುದಕ್ಕೆ ಮುನ್ನವೇ, “ಇದು ನಿನ್ನದಮ್ಮಾ” ಎಂದು ಹೇಳುವ ಹಿರಿಯರೊಬ್ಬರು ಪ್ರತಿ ಮನೆಯಲ್ಲಿಯೂ ಇರಲಿ.